ನಿಮಗಿದು ಗೊತ್ತೆ? ಶಾಸಕ ತೀರಿಕೊಂಡರೂ ಉಪಚುನಾವಣೆ ಇಲ್ಲ!

ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದಲ್ಲಿ ಕೆಳಮನೆಯ ಸದಸ್ಯರೊಬ್ಬರು ತೀರಿಕೊಂಡರೆ ಸಾಮಾನ್ಯವಾಗಿ ಉಪಚುನಾವಣೆ ನಡೆಯುವುದಿಲ್ಲ. ಪ್ರಚಾರವಿಲ್ಲ, ಮತಗಟ್ಟೆಯಿಲ್ಲ. ಹಿಂದಿನ ಚುನಾವಣೆಯ ಮತಗಳನ್ನೇ ಮತ್ತೆ ಎಣಿಸುತ್ತಾರೆ!

ಅಲ್ಲಿ ಮತದಾರರು ಒಬ್ಬರಿಗೆ ಮುದ್ರೆ ಒತ್ತಿ ಸುಮ್ಮನಾಗುವುದಿಲ್ಲ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ತಮ್ಮ ಒಲವಿನ ಕ್ರಮ ಬರೆಯುತ್ತಾರೆ. ಸ್ಥಾನ ತೆರವಾದಾಗ, ಅಗಲಿದ ಸದಸ್ಯರನ್ನು ಗೆಲ್ಲಿಸಿದ್ದ ಮತಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅವುಗಳಲ್ಲಿ ಮುಂದಿನ ಒಲವು ಯಾರಿಗಿದೆ ಎಂದು ನೋಡುತ್ತಾರೆ. ಕಣದಲ್ಲಿರುವವರು ಕಳೆದ ಬಾರಿ ಸೋತವರು ಮಾತ್ರ, ಅದೂ ಒಪ್ಪಿಗೆ ಕೊಟ್ಟರೆ. ಹೊಸಬರಿಗೆ ಪ್ರವೇಶವಿಲ್ಲ. ಬಹುಪಾಲು ಸಲ ಅಗಲಿದವರ ಪಕ್ಷದವರೇ ಗೆಲ್ಲುತ್ತಾರೆ. ರಾಜೀನಾಮೆ ಕೊಟ್ಟರೂ ಇದೇ ಕ್ರಮ.

ಸೋತವರಿಗೆ ಇದು ಮನೆಬಾಗಿಲಿಗೆ ಬಂದ ಅದೃಷ್ಟವೇ ಸರಿ. ಆದರೆ ಚುನಾವಣೆಯ ನಂತರ 18 ತುಂಬಿದವರಿಗೆ ಇಲ್ಲಿ ದನಿಯಿಲ್ಲ. ಮತ ಹಾಕಿ ತೀರಿಹೋದವರ ಚೀಟಿಗಳು ಮಾತ್ರ ಎರಡನೇ ಸಲವೂ ಎಣಿಕೆಗೆ ಬರುತ್ತವೆ!

ಒಲವಿನ ಕ್ರಮ ಬರೆಯುವ ಈ ಮತದಾನ ಪದ್ಧತಿಗೆ ಥಾಮಸ್ ಹೇರ್ ಮತ್ತು ಆ್ಯಂಡ್ರ್ಯೂ ಇಂಗ್ಲಿಸ್ ಕ್ಲಾರ್ಕ್ ಅವರ ಹೆಸರು ಸೇರಿ ಹೇರ್-ಕ್ಲಾರ್ಕ್ ಎಂಬ ಹೆಸರು ಬಂದಿದೆ. 1909ರಿಂದ ಅದು ಇಡೀ ರಾಜ್ಯಕ್ಕೆ ಅನ್ವಯವಾಯಿತು.

ತಮಾಷೆಯೆಂದರೆ, ಅದೇ ರಾಜ್ಯದ ಮೇಲ್ಮನೆಯಲ್ಲಿ, ಕೆಳಮನೆಯಂತೆ ಹಲವರಲ್ಲ, ಕ್ಷೇತ್ರಕ್ಕೊಬ್ಬರೇ ಸದಸ್ಯರು. ಅಲ್ಲಿ ಸ್ಥಾನ ತೆರವಾದರೆ ನಮ್ಮಂತೆಯೇ ಉಪಚುನಾವಣೆ. ಬ್ಯಾನರು, ಕರಪತ್ರ, ಮನೆಮನೆ ಭೇಟಿ, ಎಲ್ಲವೂ ಉಂಟು.