ನಲವತ್ತರಲ್ಲಿ ನಾಲ್ಕು ಗಾಲಿ

ಸ್ಕೇಟ್‌ಬೋರ್ಡಿನ ಮೇಲೆ ಮೊದಲ ಸಲ ನಿಂತ ದೊಡ್ಡವರು ಹೆಚ್ಚುಕಡಿಮೆ ಒಂದೇ ಥರ ಬೀಳುತ್ತಾರೆ. ಹಲಗೆ ಸ್ವಲ್ಪ ಅಲುಗಿದ್ದೇ ತಡ, ಮೈ ಹಿಂದಕ್ಕೆ ವಾಲುತ್ತದೆ. ಭಾರ ಹಿಂದೆ ಸರಿದ ಕೂಡಲೇ ಹಲಗೆ ಮುಂದಕ್ಕೆ ಚಿಮ್ಮುತ್ತದೆ, ಸವಾರರು ಅಂಗಾತ ನೆಲಕ್ಕೆ. ಬೀಳಬಾರದೆಂದು ಮೈ ತಾನಾಗಿ ಹೂಡುವ ಉಪಾಯವೇ ಬೀಳಿಸುತ್ತದೆ. ಎಂಟು ವರ್ಷದ ಮಗುವಿಗೂ ಹೀಗೇ ಆಗುವುದುಂಟು. ಆದರೆ ಅದು ಬೀಳುವ ಎತ್ತರ ಕಡಿಮೆ, ತೂಕ ಕಡಿಮೆ, ಸೋಮವಾರ ಕುಂಟುತ್ತ ಆಫೀಸಿಗೆ ಹೋಗಿ ಏನು ಹೇಳುವುದೆಂಬ ಚಿಂತೆಯಂತೂ ಇಲ್ಲವೇ ಇಲ್ಲ. ನಾಲ್ಕಾರು ಸಲ ಬಿದ್ದೆದ್ದ ಮೇಲೆ ಮುಂದಿನ ಕಾಲಿಗೆ ಭಾರ ಕೊಡುವುದನ್ನು ಅದರ ಮೈಯೇ ಕಲಿತುಬಿಡುತ್ತದೆ. ದೊಡ್ಡವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳುವ ಗುರುಗಳಿಗೋ, ಬಹಳಷ್ಟು ಸಲ, ಹನ್ನೆರಡು ವರ್ಷ. "ಅಂಕಲ್, ಕೆಳಗ್ ನೋಡ್ಬೇಡಿ. ಮಂಡಿ ಬಗ್ಗಿಸಿ. ಇನ್ನೂ ಬಗ್ಗಿಸಿ." ಈ ಪಾಠ ಕೇಳಿಸಿಕೊಳ್ಳಲು ಬೇಕಾದ ವಿನಯ ಹಲಗೆಗಿಂತ ದುಬಾರಿ.

ಎಡಗಾಲು ಮುಂದಿಟ್ಟು ನಿಂತರೆ 'ರೆಗ್ಯುಲರ್', ಬಲಗಾಲು ಮುಂದಿಟ್ಟರೆ 'ಗೂಫಿ'. ಯಾವುದೂ ಹೆಚ್ಚಲ್ಲ, ಕಡಿಮೆಯಲ್ಲ. ನಯವಾದ ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಓಡಿಬಂದು ಜಾರುವಾಗ ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಅದೇ ನಿಮ್ಮ ಮುಂದಿನ ಕಾಲು. ಮೊದಲ ಪಾಠವನ್ನು ಹುಲ್ಲಿನ ಮೇಲೋ ಜಮಖಾನೆಯ ಮೇಲೋ ಮುಗಿಸುವುದು ಒಳ್ಳೆಯದು. ಅಲ್ಲಿ ಗಾಲಿ ಉರುಳುವುದಿಲ್ಲ, ಹತ್ತಿ ಇಳಿಯುವುದಷ್ಟೇ ಅಭ್ಯಾಸ. ಆಮೇಲೆ ತಳ್ಳುವ ವಿದ್ಯೆ. ಮುಂದಿನ ಪಾದವನ್ನು ಹಲಗೆಯ ಮುಂಭಾಗದ ಬೋಲ್ಟುಗಳ ಹತ್ತಿರ ನೇರವಾಗಿ ಊರಿ, ಆ ಮಂಡಿಯನ್ನು ಬಗ್ಗಿಸಿ, ಹಿಂದಿನ ಕಾಲಿನಿಂದ ನೆಲವನ್ನು ಒದೆಯಬೇಕು. ಒದೆಯುವಷ್ಟು ಹೊತ್ತೂ ಇಡೀ ಮೈಯನ್ನು ಹೊರುವುದು ಒಂದೇ ಕಾಲು. ದಿನವಿಡೀ ಕುರ್ಚಿಯಲ್ಲಿ ಕೂರುವವರ ತೊಡೆ ಮೊದಲ ವಾರ ದೂರು ಹೇಳುವುದು ಇದಕ್ಕೇ. ನಿಂತಲ್ಲೇ ಒಂಟಿಕಾಲಿನಲ್ಲಿ ಒಂದು ನಿಮಿಷ ನಿಲ್ಲಲಾಗದವರು ಉರುಳುವ ಹಲಗೆಯ ಮೇಲೆ ನಿಂತಾರೆಯೇ? ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಂತು ರೂಢಿ ಮಾಡಿಕೊಂಡರೆ ಖರ್ಚಿಲ್ಲದ ತಯಾರಿಯಾಯಿತು.

ಇನ್ನು ಬೀಳುವ ಮಾತು. ಎಡವಿದಾಗ ಕೈ ಊರುವುದು ನಮ್ಮೆಲ್ಲರ ಹುಟ್ಟುಗುಣ. ಸ್ಕೇಟ್‌ಬೋರ್ಡಿನಲ್ಲಿ ಅದೇ ಅಪಾಯ, ಏಕೆಂದರೆ ಇಡೀ ದೇಹದ ಹೊಡೆತ ಚಾಚಿದ ಮಣಿಕಟ್ಟಿನ ಮೇಲೆ ಬೀಳುತ್ತದೆ. ಹೊಸಬರು ಮುರಿದುಕೊಳ್ಳುವುದು ಹೆಚ್ಚಾಗಿ ಅದನ್ನೇ. ಹೆಲ್ಮೆಟ್ ಹಾಕುವ ಬುದ್ಧಿ ಎಲ್ಲರಿಗೂ ಇರುತ್ತದೆ, ರಿಸ್ಟ್‌ಗಾರ್ಡ್ ಮಾತ್ರ ಬಹಳಷ್ಟು ಜನರಿಗೆ ನೆನಪಾಗುವುದು ಎಕ್ಸ್‌ರೇ ತೆಗೆಸಿದ ಮೇಲೆ. ಮಂಡಿಗೆ ಗಟ್ಟಿ ಚಿಪ್ಪಿನ ಪ್ಯಾಡ್ ಕಟ್ಟಿಕೊಂಡರೆ ಮುಂದಕ್ಕೆ ಬೀಳುವಾಗ ಮಂಡಿಯ ಮೇಲೇ ಜಾರಿಕೊಂಡು ಹೋಗಬಹುದು. ಪಕ್ಕಕ್ಕೆ ಬೀಳುವುದಾದರೆ ಕೈಕಾಲು ಮುದುರಿ ಭುಜದ ಮೇಲೆ ಉರುಳಬೇಕು. ಇದನ್ನೂ ಹುಲ್ಲಿನ ಮೇಲೆ ಮೊದಲೇ ಕಲಿಯಬೇಕು. ಬೀಳುವ ಗಳಿಗೆಯಲ್ಲಿ ಯೋಚಿಸಲು ಪುರಸೊತ್ತು ಸಿಗುವುದಿಲ್ಲ.

ಬೆಂಗಳೂರಿನ ರಸ್ತೆಯಲ್ಲಿ ಸ್ಕೇಟರ್‌ನ ನಿಜವಾದ ಶತ್ರು ಗುಂಡಿಯಲ್ಲ. ಗುಂಡಿ ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ಹೆಸರುಕಾಳಿನಷ್ಟು ದೊಡ್ಡ ಜಲ್ಲಿಚೂರು. ಗಟ್ಟಿ ಗಾಲಿಗೆ ಅದು ಸಿಕ್ಕಿತೋ, ಹಲಗೆ ನಿಂತಲ್ಲೇ ನಿಲ್ಲುತ್ತದೆ, ಮನುಷ್ಯ ಮಾತ್ರ ಮುಂದಕ್ಕೆ ಹೋಗುತ್ತಾನೆ. ಈ ಕಾಟ ಆಟದಷ್ಟೇ ಹಳೆಯದು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಫಿಂಗ್ ಹುಡುಗರು ಅಲೆಯಿಲ್ಲದ ದಿನ ಹೊತ್ತು ಕಳೆಯಲು ಹಲಗೆಗೆ ರೋಲರ್‌ಸ್ಕೇಟಿನ ಗಾಲಿ ಜೋಡಿಸಿ ರಸ್ತೆಗಿಳಿದರು. ಆಗ ಗಾಲಿ ಲೋಹದ್ದು, ಆಮೇಲೆ ಜೇಡಿ ಬೆರೆತ ಗಡುಸು ಮಿಶ್ರಣದ್ದು. ಎರಡೂ ಸಣ್ಣ ಕಲ್ಲಿಗೆ ತಲೆಬಾಗುತ್ತಿದ್ದವು. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್‌ವರ್ದಿ ಎಂಬ ತರುಣ ಯುರಿಥೇನ್ ಗಾಲಿಯನ್ನು ಸ್ಕೇಟ್‌ಬೋರ್ಡಿಗೆ ತಂದ. ಕಲ್ಲು ಸಿಕ್ಕರೆ ಅದರ ಮೇಲೆ ಹತ್ತಿಳಿಯುವಷ್ಟು ಮೆತ್ತಗೆ, ನೆಲವನ್ನು ಹಿಡಿಯುವಷ್ಟು ಜಿಗುಟು. ಸತ್ತಂತಿದ್ದ ಆಟ ಎದ್ದು ಕೂತದ್ದೇ ಆ ಗಾಲಿಯಿಂದ.

ವಿಚಿತ್ರವೆಂದರೆ ಇಂದಿಗೂ ಹೊಸಬರ ಕೈಗೆ ಬರುವುದು ಗಟ್ಟಿ ಗಾಲಿಯೇ. ಸಿದ್ಧವಾಗಿ ಸಿಗುವ ಹಲಗೆಗಳಲ್ಲಿ 52 ಮಿಲಿಮೀಟರ್ ಆಸುಪಾಸಿನ, 99ಎ ಗಡಸುತನದ ಗಾಲಿ ಇರುವುದೇ ಹೆಚ್ಚು. ನಯವಾದ ಕಾಂಕ್ರೀಟ್ ಪಾರ್ಕಿಗೆ ಅದು ಸರಿ, ನಮ್ಮ ಡಾಂಬರಿಗೆ ಅಲ್ಲ. ನನ್ನನ್ನು ಕೇಳಿದರೆ, ವಯಸ್ಕರು ಮೊದಲು ಬದಲಿಸಬೇಕಾದದ್ದು ಗಾಲಿ: 58ರಿಂದ 60 ಮಿಲಿಮೀಟರ್, 78ಎ ಮೃದುತನ. ಹಲಗೆ ಏಳು ಪದರ ಮೇಪಲ್ ಮರದ್ದಾಗಿರಲಿ, ಅಗಲ 8 ಇಂಚಿಗೆ ಕಡಿಮೆ ಬೇಡ. ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಆ್ಯಕ್ಸಲ್‌ನ ಬೋರ್ಡು ಎಪ್ಪತ್ತು ಕಿಲೋ ಮನುಷ್ಯರಿಗಾಗಿ ಮಾಡಿದ್ದಲ್ಲ. ಮೆತ್ತನೆಯ ದಪ್ಪ ಅಟ್ಟೆಯ ಓಟದ ಶೂ ಕೂಡ ಬೇಡ, ಹಲಗೆಯ ಮಿಡಿತ ಪಾದಕ್ಕೆ ತಿಳಿಯುವಂತೆ ಚಪ್ಪಟೆ ಅಟ್ಟೆ ಇರಬೇಕು.

ವಯಸ್ಸಿನ ಮಾತು ಬಂದಾಗಲೆಲ್ಲ ಈಗ ಆ್ಯಂಡಿ ಮೆಕ್‌ಡೊನಾಲ್ಡ್ ಹೆಸರು ಹೇಳುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪಾರ್ಕ್ ಸ್ಪರ್ಧೆಯಲ್ಲಿ ಬ್ರಿಟನ್ ಪರ ಇಳಿದಾಗ ಆತನಿಗೆ 51 ವರ್ಷ. ಮಹಿಳೆಯರ ಪಾರ್ಕ್ ಸ್ಪರ್ಧೆಗೆ ಬಂದಿದ್ದ ಚೀನಾದ ಝೆಂಗ್ ಹಾವ್‌ಹಾವ್‌ಗೆ 11. ಬೇರೆ ಯಾವ ಕ್ರೀಡೆಯಲ್ಲಿ ಇಂಥ ಸಂತೆ ನೆರೆಯುತ್ತದೆ! ಆದರೆ ಮೆಕ್‌ಡೊನಾಲ್ಡ್ ಹದಿಹರೆಯದಿಂದ ಹಲಗೆ ಬಿಡದ ವೃತ್ತಿಪರ, ನಲವತ್ತರಲ್ಲಿ ಶುರುಮಾಡಿದವನಲ್ಲ. ಆತನನ್ನು ನೋಡಿ ಖುಷಿಪಡಬಹುದು, ಅಳತೆಗೋಲಾಗಿ ಇಟ್ಟುಕೊಂಡರೆ ಮಂಡಿಗೆ ಕಷ್ಟ.

ಅಳತೆಗೋಲು ಬೇಕೆಂದರೆ ಕಿಕ್‌ಟರ್ನ್ ಸಾಕು: ಹಿಂದಿನ ತುದಿಯನ್ನು ಒತ್ತಿ, ಮುಂದಿನ ಗಾಲಿಗಳನ್ನು ಅಂಗುಲದಷ್ಟು ಎತ್ತಿ, ಸೊಂಟ ತಿರುಗಿಸಿದತ್ತ ಹಲಗೆಯನ್ನು ತಿರುಗಿಸುವುದು. ಅದು ಕೈವಶವಾದರೆ ಎದುರು ಕಂಬ ಬಂದರೂ ಹೆದರಿಕೆಯಿಲ್ಲ. ವಿಡಿಯೊ ನೋಡಿ ಬಂದವರಿಗೆಲ್ಲ ಆಸೆ ಮಾತ್ರ ಆಲಿ ಮೇಲೆ, ಅಂದರೆ ಹಲಗೆಯ ಸಮೇತ ನೆಗೆಯುವುದರ ಮೇಲೆ. ಫ್ಲೋರಿಡಾದ ಅಲನ್ ಗೆಲ್ಫಂಡ್ 1970ರ ದಶಕದ ಕೊನೆಯಲ್ಲಿ ಇಳಿಜಾರಿನ ಗೋಡೆಯ ಮೇಲೆ ಕಂಡುಕೊಂಡ ಈ ನೆಗೆತವನ್ನು ಸಮತಟ್ಟು ನೆಲಕ್ಕೆ ಇಳಿಸಿದ್ದು ರಾಡ್ನಿ ಮಲ್ಲೆನ್. ತಿಂಗಳುಗಟ್ಟಲೆ ಕಾಡಿಸುವ ವಿದ್ಯೆ. ಅದು ಬಾರದೆಯೂ ಸೊಗಸಾಗಿ ಉರುಳಿಕೊಂಡು ಹೋಗುವವರು ಬೇಕಾದಷ್ಟಿದ್ದಾರೆ.

ಇಷ್ಟಾದರೂ ಎಲ್ಲಿ ಉರುಳುವುದು ಎಂಬ ಪ್ರಶ್ನೆ ಉಳಿಯುತ್ತದೆ. 2013ರಲ್ಲಿ ಹೋಲಿಸ್ಟೋಕ್ಡ್ ಬಳಗದ ಸ್ಕೇಟರ್‌ಗಳು ಲೀವೈಸ್ ನೆರವಿನಿಂದ, ವಿದೇಶದ ಗೆಳೆಯರೊಡನೆ ಸೇರಿ ಬೆಂಗಳೂರಿನಲ್ಲಿ ಕಾಂಕ್ರೀಟ್ ಪಾರ್ಕ್ ಕಟ್ಟಿದರು. ಸ್ಕೇಟರ್‌ಗಳೇ ಸಿಮೆಂಟು ಕಲಸಿದ ಕೆಲಸವದು. ಹತ್ತಿರದಲ್ಲಿ ಪಾರ್ಕು ಇಲ್ಲದವರ ಪಾಲಿಗೆ ಉಳಿಯುವುದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್. ನೆಲ ನಯ, ಜಲ್ಲಿ ಇಲ್ಲ, ಮಳೆಯೂ ಇಲ್ಲ. ಕಾರುಗಳು ಮಾತ್ರ ಇವೆ. ಭಾನುವಾರ ಬೆಳಗ್ಗೆ ಆರೂವರೆಗೆ ಅಲ್ಲಿ ಹೋದರೆ ಸೆಕ್ಯುರಿಟಿಯವರೊಬ್ಬರೇ ಪ್ರೇಕ್ಷಕರು. "ಇದು ಮಕ್ಕಳ್ದಲ್ವಾ ಸರ್?" ಎಂದು ಕೇಳುತ್ತಾರೆ. ಅಸೋಸಿಯೇಷನ್ನಿನವರು ಸದ್ದಿನ ಬಗ್ಗೆ ಗ್ರೂಪಿನಲ್ಲಿ ಬರೆಯುವ ಮೊದಲೇ ಗಾಲಿ ಬದಲಿಸಿ. 78ಎ ಗಾಲಿ ಒಂದನೇ ಮಹಡಿಯವರ ನಿದ್ದೆ ಕೆಡಿಸುವಷ್ಟು ಸದ್ದು ಮಾಡುವುದಿಲ್ಲ.