ಹಲ್ಲಿನ ಡಾಕ್ಟರು ನಿದ್ದೆಯ ಬಗ್ಗೆ ಏಕೆ ಕೇಳಬೇಕು

ರಾಣೆಬೆನ್ನೂರಿನ ನನ್ನ ಕ್ಲಿನಿಕ್ಕಿಗೆ ಹೊಸದಾಗಿ ಬಂದವರಿಗೆ ಮೊದಲು ಒಂದು ಫಾರಂ ಕೊಡುತ್ತೇವೆ. ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಯಾವ ಔಷಧಿ ಒಗ್ಗುವುದಿಲ್ಲ. ಇವಕ್ಕೆಲ್ಲ ಜನ ಬೇಸರವಿಲ್ಲದೆ ಉತ್ತರ ಬರೆಯುತ್ತಾರೆ. ಕೆಳಗೆ ಇನ್ನೆರಡು ಸಾಲುಗಳಿವೆ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೀರಾ? ನಿದ್ದೆಯಲ್ಲಿ ನಿಮ್ಮ ಉಸಿರು ನಿಂತಂತಾಗುವುದನ್ನು ಮನೆಯವರು ಯಾರಾದರೂ ಕಂಡಿದ್ದಾರಾ? ಅಲ್ಲಿ ಬಂದು ಪೆನ್ನು ನಿಲ್ಲುತ್ತದೆ. “ಹಲ್ಲ ತೋರಸಾಕ ಬಂದ್ರ ನಿದ್ದಿ ಯಾಕ ಕೇಳ್ತೀರ್ರಿ ಮೇಡಮ್ಮಾರ?” ಎನ್ನುವವರೇ ಹೆಚ್ಚು. ನ್ಯಾಯವಾದ ಪ್ರಶ್ನೆ. ನನ್ನ ವೃತ್ತಿಯ ಎಷ್ಟೋ ಮಂದಿ ಕೂಡ ಇದನ್ನೇ ಕೇಳುತ್ತಾರೆ.

ನಿದ್ದೆಯಲ್ಲಿ ಗಂಟಲಿನ ದಾರಿ ಮತ್ತೆ ಮತ್ತೆ ಮುಚ್ಚಿಕೊಂಡು ಉಸಿರು ನಿಲ್ಲುವ ಕಾಯಿಲೆಗೆ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಎಚ್ಚರವಿದ್ದಾಗ ನಾಲಿಗೆಯ, ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಹತ್ತಿದಾಗ ಅವು ಸಡಿಲಾಗುತ್ತವೆ. ದಾರಿ ಮೊದಲೇ ಇಕ್ಕಟ್ಟಾಗಿದ್ದರೆ, ನೆನೆದ ಕಾಗದದ ಸ್ಟ್ರಾದಲ್ಲಿ ಎಳನೀರು ಎಳೆದಾಗ ಆಗುವಂತೆ, ಎಳೆದಷ್ಟೂ ಅದು ಒಳಕ್ಕೆ ಕುಸಿಯುತ್ತದೆ. ಎದೆ ಏರಿಳಿಯುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಅರೆಕ್ಷಣ ಎಚ್ಚರವಾಗುತ್ತದೆ, ದೊಡ್ಡ ಸದ್ದಿನೊಂದಿಗೆ ಉಸಿರು ಬರುತ್ತದೆ, ಮತ್ತೆ ನಿದ್ದೆ. ಹೀಗೆ ಉಸಿರು 10 ಸೆಕೆಂಡಾದರೂ ನಿಂತರೆ, ಇಲ್ಲವೇ ತೀರಾ ತಗ್ಗಿದರೆ ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಬೆಳಿಗ್ಗೆ ಎದ್ದವನಿಗೆ ಇದಾವುದೂ ನೆನಪಿರುವುದಿಲ್ಲ. ತಲೆ ಭಾರ, ಬಾಯಿ ಒಣಗಿದೆ, ಎಂಟು ತಾಸು ಮಲಗಿದರೂ ದಣಿವು ಹೋಗಿಲ್ಲ, ಅಷ್ಟೇ ಗೊತ್ತು. ಒಳಗೆ ಬಿಪಿ ಏರುತ್ತಿರುತ್ತದೆ, ಹೃದಯಕ್ಕೆ ಪೆಟ್ಟು ಬೀಳುತ್ತಿರುತ್ತದೆ, ಪಾರ್ಶ್ವವಾಯುವಿನ ಅಪಾಯ ಬೆಳೆಯುತ್ತಿರುತ್ತದೆ.

ಇದು ಅಪರೂಪದ ಕಾಯಿಲೆಯಲ್ಲ. ದೆಹಲಿಯ ಏಮ್ಸ್ ವೈದ್ಯರು ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ವಯಸ್ಕ ಭಾರತೀಯರಲ್ಲಿ ಸುಮಾರು ಶೇ 11ರಷ್ಟು, ಅಂದರೆ 10.4 ಕೋಟಿ ಜನರಿಗೆ ಇದು ಇದೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹರಿ ತೀರಿಕೊಂಡಾಗ ವೈದ್ಯರು ಕಾರಣವಾಗಿ ಹೇಳಿದ್ದೂ ಇದನ್ನೇ. ದ್ವಾರಕೀಶರ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟವರು ಅವರು. ಆ ವಾರ ಪತ್ರಿಕೆ ಹಿಡಿದುಕೊಂಡು ಬಂದು ಇದೇನು ಕಾಯಿಲೆ ಎಂದು ಕೇಳಿದವರಿದ್ದರು. ನಮ್ಮಲ್ಲಿ ಗೊರಕೆ ಎಂದರೆ ಗಾಢ ನಿದ್ದೆ, ಸುಖದ ನಿದ್ದೆ. ಕುಂಭಕರ್ಣನ ಹೆಸರು ಹೇಳಿ ಮನೆಮಂದಿಯೆಲ್ಲ ನಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಇದರಲ್ಲಿ ಹಲ್ಲಿನ ಡಾಕ್ಟರ ಪಾತ್ರವೇನು? ಉಸಿರಿನ ದಾರಿಯ ಬಾಗಿಲು ಇರುವುದು ನಾವು ದಿನವಿಡೀ ನೋಡುವ ಜಾಗದಲ್ಲೇ. ಬೇರೆ ವೈದ್ಯರು ಟಾರ್ಚು ಹಿಡಿದು ‘ಆ’ ಅನ್ನಿಸಿ ಕಳಿಸುವ ಬಾಯಿಯನ್ನು ನಾವು ಅರ್ಧ ತಾಸು, ಪ್ರಖರ ದೀಪದಡಿ, ಗೇಣು ದೂರದಿಂದ ನೋಡುತ್ತೇವೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು ಬಿದ್ದಿದ್ದರೆ ನಾಲಿಗೆಗೆ ಜಾಗ ಸಾಲುತ್ತಿಲ್ಲ ಎಂದರ್ಥ. ಕೆಳದವಡೆ ಚಿಕ್ಕದಾಗಿ ಹಿಂದಕ್ಕೆ ಸರಿದಿರಬಹುದು, ಅಂಗುಳ ಕಿರಿದಾಗಿ ಮೇಲಕ್ಕೆ ಎದ್ದಿರಬಹುದು, ಕಿರುನಾಲಿಗೆ ಉದ್ದವಾಗಿ ಊದಿಕೊಂಡಿರಬಹುದು. ಬಾಯಿ ತೆರೆಸಿ ನಾಲಿಗೆ ಹೊರಚಾಚಲು ಹೇಳಿದಾಗ ಕಿರುನಾಲಿಗೆ ಎಷ್ಟು ಕಾಣುತ್ತದೆ ಎಂದು ನಾಲ್ಕು ದರ್ಜೆಗಳಲ್ಲಿ ಗುರುತಿಸುವ ಒಂದು ಪರೀಕ್ಷೆಯಿದೆ. ಅದರ ಮೂಲ ರೂಪ ಅಮೆರಿಕದಲ್ಲಿ ನೆಲೆಸಿದ ಭಾರತ ಮೂಲದ ಅರಿವಳಿಕೆ ತಜ್ಞ ಮಲ್ಲಂಪಾಟಿ 1985ರಲ್ಲಿ ಕೊಟ್ಟದ್ದು. ಅವರು ಅದನ್ನು ಮಾಡಿದ್ದು ಆಪರೇಷನ್ ವೇಳೆ ಗಂಟಲಿಗೆ ನಳಿಕೆ ಹಾಕುವುದು ಎಷ್ಟು ಕಷ್ಟವಾದೀತು ಎಂದು ಮೊದಲೇ ಅಳೆಯಲು. ಉಸಿರಿನ ದಾರಿ ಇಕ್ಕಟ್ಟಾಗಿದೆಯೇ ಎಂದು ಅದರಿಂದಲೇ ಅಂದಾಜು ಮಾಡಲು ನನಗೆ ಹಿಡಿಯುವುದು ಐದು ಸೆಕೆಂಡು.

ಈ ಗುರುತುಗಳಲ್ಲಿ ಒಂದೊಂದೇ ಕಂಡರೆ ಏನೂ ತೀರ್ಮಾನಿಸಲಾಗದು. ಒಟ್ಟಿಗೆ ಕಂಡರೆ ಕೇಳದೆ ಬಿಡಬಾರದು. ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಚೆನ್ನೈಗೆ ಲಾರಿ ಓಡಿಸುವ ಒಬ್ಬರು ಕೆಳಗಿನ ದವಡೆ ಹಲ್ಲು ಒಡೆದಿದೆ ಎಂದು ಬಂದರು. ನಲವತ್ತರ ಆಸುಪಾಸು, ಗಟ್ಟಿ ಆಳು. ಒಡೆದದ್ದು ಒಂದೇ ಹಲ್ಲು, ಆದರೆ ಎರಡೂ ಕಡೆಯ ಹಲ್ಲುಗಳು ತಿಕ್ಕಿ ತಿಕ್ಕಿ ಚಪ್ಪಟೆಯಾಗಿದ್ದವು. ನಾಲಿಗೆಯ ಅಂಚಿನಲ್ಲಿ ಸಾಲಾಗಿ ಅಚ್ಚು. ಚೇರನ್ನು ಹಿಂದಕ್ಕೆ ಒರಗಿಸಿದೊಡನೆ, “ಪೂರ್ತಿ ಮಲಗಿಸಬ್ಯಾಡ್ರಿ, ಉಸಿರು ಕಟ್ಟತೈತಿ” ಎಂದರು. ಗೊರಕೆಯ ಮಾತು ತೆಗೆದಾಗ ಅವರು ಸುಮ್ಮನಾದರು. ಬಾಗಿಲ ಹತ್ತಿರ ಕೂತಿದ್ದ ಹೆಂಡತಿ ಎದ್ದು ಬಂದರು. “ಗೊರಕಿ ಹೊಡಿತಾರಂತ ಚಿಂತಿಲ್ಲರಿ ಮೇಡಮ್ಮಾರ. ಗೊರಕಿ ನಿಂತಾಗ ನನ್ನ ಜೀವ ಹೋದಂಗ ಆಗತೈತಿ. ಎದಿ ಮ್ಯಾಲ ಕೈ ಇಟ್ಟು ಅಲುಗಾಡಿಸಿ ಎಬ್ಬಸ್ತೀನಿ.” ಟೋಲ್ ಗೇಟಿನ ಸಾಲಿನಲ್ಲಿ ನಿಂತಾಗ ಕಣ್ಣು ತಾವಾಗಿಯೇ ಮುಚ್ಚಿಹೋಗುತ್ತವೆ ಎಂದು ಆಮೇಲೆ ಅವರೇ ಹೇಳಿದರು. ದರ್ಜಿಯ ಟೇಪು ತೆಗೆದು ಕುತ್ತಿಗೆ ಅಳೆದೆ, 44 ಸೆಂಟಿಮೀಟರ್. ಕೆನಡಾದ ಟೊರಾಂಟೊದಲ್ಲಿ ರೂಪುಗೊಂಡ, ಇಂದು ಎಲ್ಲೆಡೆ ಬಳಸುವ ‘ಸ್ಟಾಪ್ ಬ್ಯಾಂಗ್’ ಪ್ರಶ್ನಾವಳಿಯಲ್ಲಿ ಕುತ್ತಿಗೆ 40 ದಾಟಿದರೆ ಒಂದು ಅಂಕ. ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಬೇರೆಯವರು ಕಂಡಿರುವುದು, ಬಿಪಿ, ಮೈತೂಕ, 50 ದಾಟಿದ ವಯಸ್ಸು, ಗಂಡಸಾಗಿರುವುದು, ಇವಕ್ಕೆ ಒಂದೊಂದು. ಎಂಟರಲ್ಲಿ ಮೂರು ಬಂದರೂ ಮುಂದಿನ ತಪಾಸಣೆಗೆ ಯೋಚಿಸಬೇಕು. ಇವರಿಗೆ ಐದು ಬಂತು.

ಆ ದಿನ ನಾನು ಹಲ್ಲಿಗೆ ತಾತ್ಕಾಲಿಕ ಸಿಮೆಂಟ್ ಮಾತ್ರ ಹಾಕಿ, ಹುಬ್ಬಳ್ಳಿಯ ಶ್ವಾಸಕೋಶ ತಜ್ಞರಿಗೆ ಪತ್ರ ಬರೆದೆ. ನಮ್ಮ ರೂಢಿಯ ದಾರಿ ಬೇರೆ. ಹಲ್ಲು ಸವೆದಿದ್ದರೆ ರಾತ್ರಿ ಹಲ್ಲು ಕಡಿಯುತ್ತೀರಿ ಎಂದು ಹೇಳಿ, ಕ್ಯಾಪು ಕೂರಿಸಿ, ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ತಟ್ಟೆ, ನೈಟ್ ಗಾರ್ಡ್, ಮಾಡಿಕೊಟ್ಟು ಕಳಿಸುತ್ತೇವೆ. ಹಲ್ಲು ಕಡಿಯುವ ಎಲ್ಲರಿಗೂ ಅಪ್ನಿಯಾ ಇರುವುದಿಲ್ಲ, ನಿಜ. ಆದರೆ ಎರಡೂ ಒಬ್ಬರಲ್ಲೇ ಕಾಣುವುದು ಅಪರೂಪವಲ್ಲ. ಅಪ್ನಿಯಾ ಇದ್ದವರಿಗೆ ಸಾಮಾನ್ಯ ನೈಟ್ ಗಾರ್ಡ್ ಕೊಟ್ಟಾಗ ಕೆಲವರಲ್ಲಿ ಉಸಿರುಗಟ್ಟುವುದು ಹೆಚ್ಚಾದ ವರದಿಗಳಿವೆ. ನಿದ್ದೆಯ ಬಗ್ಗೆ ಕೇಳದೆ ನೈಟ್ ಗಾರ್ಡ್ ಮಾಡಬಾರದು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಸಹೋದ್ಯೋಗಿಗಳ ಜೊತೆ ಈ ಮಾತು ತೆಗೆದಾಗ ಬರುವ ಮೊದಲ ಉತ್ತರ, ಇದು ನಮ್ಮ ವಿಷಯವಲ್ಲ ಎಂದು. ಅವರನ್ನು ದೂರಲಾರೆ. ಬಿಡಿಎಸ್ ಪಠ್ಯಕ್ರಮದಲ್ಲಿ ನಿದ್ದೆಯ ಕಾಯಿಲೆಗಳಿಗೆ ಪ್ರತ್ಯೇಕ ವಿಷಯವಿಲ್ಲ. ಹಲ್ಲಿನ ಪ್ರತಿ ಗುಂಡಿಯ, ಪ್ರತಿ ಏಣಿನ ಹೆಸರು ಕಂಠಪಾಠ ಮಾಡಿದ ನಾವು ನಾಲಿಗೆಯ ಹಿಂದಿನ ಎರಡು ಇಂಚಿನ ಬಗ್ಗೆ ಕಲಿತದ್ದು ಕಡಿಮೆ. ಸ್ಲೀಪ್ ಅಪ್ನಿಯಾಗೆ ಆ ಹೆಸರು ಬಂದದ್ದೇ 1976ರಲ್ಲಿ, ಸ್ಟ್ಯಾನ್‌ಫರ್ಡ್‌ನ ಗಿಯೆಮಿನೊ ಮತ್ತು ಸಂಗಡಿಗರಿಂದ. ಆದರೆ ನಮ್ಮದಲ್ಲ ಎನ್ನುವುದನ್ನು ಒಪ್ಪಲಾರೆ. ಕೆಳದವಡೆ ಚಿಕ್ಕದಾಗಿ ಹುಟ್ಟಿದ ಶಿಶುಗಳಲ್ಲಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುವುದನ್ನು 1923ರಲ್ಲಿ ವಿವರಿಸಿದ ಪ್ಯಾರಿಸ್ಸಿನ ಪಿಯೇರ್ ರೊಬಿನ್ ಬಾಯಿ-ಹಲ್ಲಿನ ವೈದ್ಯರೇ. ದವಡೆಯನ್ನು ಮುಂದಕ್ಕೆ ತರುವ ಸಾಧನವನ್ನೂ ಅವರು ಬಳಸಿದ್ದರು. ಅಮೆರಿಕದ ದಂತವೈದ್ಯರ ಸಂಘವಂತೂ, ರೋಗಿಗಳಲ್ಲಿ ಈ ಕಾಯಿಲೆಯ ಸುಳಿವು ಹುಡುಕುವಂತೆ 2017ರಲ್ಲೇ ತನ್ನ ಸದಸ್ಯರಿಗೆ ಹೇಳಿದೆ.

ನಮ್ಮ ಎಲ್ಲೆಯೂ ನಮಗೆ ಗೊತ್ತಿರಬೇಕು. ಕಾಯಿಲೆ ಇದೆ ಎಂದು ಹೇಳಬೇಕಾದವರು ನಿದ್ದೆಯ ಪರೀಕ್ಷೆ ಮಾಡಿಸಿದ ವೈದ್ಯರು, ನಾವಲ್ಲ. ಪರೀಕ್ಷೆಗೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ತಂತಿಗಳನ್ನು ಅಂಟಿಸಿಕೊಂಡು ಮಲಗಬೇಕು. ಕೆಲವರಿಗೆ ಮನೆಯಲ್ಲೇ ಮಾಡುವ ಚಿಕ್ಕ ಯಂತ್ರ ಸಾಕಾಗುತ್ತದೆ. ಲಾರಿ ಓಡಿಸುವವರಿಗೆ ಗಂಟೆಗೆ 38 ಬಂತು, ತೀವ್ರ. ಅಂಥವರಿಗೆ ಮೊದಲ ಮದ್ದು ಸಿಪ್ಯಾಪ್, ಮೂಗಿನ ಮಾಸ್ಕಿನಿಂದ ಗಾಳಿಯ ಒತ್ತಡ ಕೊಟ್ಟು ದಾರಿ ತೆರೆದಿಡುವ ಯಂತ್ರ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಉಪಾಯ ಅದು. ನಮ್ಮ ಲಾರಿ ಚಾಲಕರು ಆ ಯಂತ್ರವನ್ನು ಲಾರಿಯ ಬ್ಯಾಟರಿಗೆ ಅಡಾಪ್ಟರ್ ಹಾಕಿಕೊಂಡು ಕ್ಯಾಬಿನ್ನಿನಲ್ಲೇ ಬಳಸುತ್ತಾರೆ. ಹಲ್ಲಿಗೆ ಕ್ಯಾಪು ಆಮೇಲೆ ಹಾಕಿದೆ.

ಸೌಮ್ಯ ಮತ್ತು ಮಧ್ಯಮ ಹಂತದವರಿಗೆ, ಮಾಸ್ಕು ಒಗ್ಗದವರಿಗೆ ನಮ್ಮ ಕೈಯ ಸಾಧನವೊಂದಿದೆ. ಮೇಲಿನ, ಕೆಳಗಿನ ಹಲ್ಲುಗಳ ಅಳತೆ ತೆಗೆದು ಮಾಡುವ ಎರಡು ತಟ್ಟೆಗಳು ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿಯುತ್ತವೆ. ದವಡೆಯ ಜೊತೆ ನಾಲಿಗೆಯೂ ಮುಂದೆ ಬರುತ್ತದೆ, ಹಿಂದೆ ದಾರಿ ಬಿಡುತ್ತದೆ. ಒಂದೇ ಸಲಕ್ಕೆ ಅಲ್ಲ, ವಾರಗಳ ಮೇಲೆ ಸ್ವಲ್ಪಸ್ವಲ್ಪವೇ ಸರಿಸಬೇಕು. ಬೆಳಿಗ್ಗೆ ದವಡೆ ನೋಯಬಹುದು, ವರ್ಷಗಳಾದ ಮೇಲೆ ಹಲ್ಲು ಕಚ್ಚುವ ರೀತಿ ಬದಲಾಗಬಹುದು, ಆದ್ದರಿಂದ ತಪ್ಪದೆ ಬಂದು ತೋರಿಸಬೇಕು. ಗೊರಕೆ ನಿಂತಿತೆಂದು ಕಾಯಿಲೆ ಹೋಯಿತೆಂದಲ್ಲ. ಸಾಧನ ಹಾಕಿಕೊಂಡೇ ಮತ್ತೊಮ್ಮೆ ಪರೀಕ್ಷೆ ಆಗಬೇಕು. ಆನ್‌ಲೈನಿನಲ್ಲಿ ಸಿಗುವ, ಬಿಸಿನೀರಲ್ಲಿ ಅದ್ದಿ ಕಚ್ಚುವ ತಟ್ಟೆಗಳನ್ನು ದಯವಿಟ್ಟು ಕೊಳ್ಳಬೇಡಿ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ, ಹಾಸಿಗೆ ಒದ್ದೆ ಮಾಡುವ, ಶಾಲೆಯಲ್ಲಿ ಒಂದೆಡೆ ಕೂರದ ಮಗುವಿಗೆ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ದೊಡ್ಡದಾಗಿ ಉಸಿರಿನ ದಾರಿಗೆ ಅಡ್ಡವಾಗಿರಬಹುದು. ಉಬ್ಬು ಹಲ್ಲಿಗೆ ತಂತಿ ಹಾಕಿಸಲು ಕರೆತಂದಾಗ ಇದನ್ನೂ ಹೇಳಿ. ಮೊದಲು ಕಿವಿ-ಮೂಗು-ಗಂಟಲು ವೈದ್ಯರು ನೋಡಬೇಕಾಗಬಹುದು.

ನಿಮ್ಮ ಹಲ್ಲಿನ ಡಾಕ್ಟರು ಕೇಳದಿದ್ದರೆ ನೀವೇ ಮಾತು ತೆಗೆಯಿರಿ. ಮನೆಯವರ ಕೈಲಿ, ನೀವು ಅಂಗಾತ ಮಲಗಿದಾಗ ಎದೆಯೂ ಮುಖವೂ ಕಾಣುವಂತೆ ಹತ್ತು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿಸಿಕೊಂಡು ಬನ್ನಿ. ಸದ್ದಿಗಿಂತ ಸದ್ದು ನಿಂತ ಹೊತ್ತು ನಮಗೆ ಹೆಚ್ಚು ತಿಳಿಸುತ್ತದೆ. ಈಗಾಗಲೇ ಸಿಪ್ಯಾಪ್ ಬಳಸುತ್ತಿದ್ದರೆ ಹಲ್ಲು ಕೀಳಿಸುವ ಮುಂಚೆ ತಪ್ಪದೆ ಹೇಳಿ. ಮಂಪರು ಔಷಧಿ ಕೊಡಬೇಕೋ ಬೇಡವೋ, ಚೇರನ್ನು ಎಷ್ಟು ಒರಗಿಸಬೇಕು ಎಂಬುದು ಅದರ ಮೇಲೆ ನಿಂತಿದೆ.