ಅಲಗು ದಮಾಸ್ಕಸ್‌ನದು, ಮೂಸೆ ದಖ್ಖನಿನದು

19ನೇ ಶತಮಾನದ ಆರಂಭದಲ್ಲಿ, ಇಂದಿನ ತೆಲಂಗಾಣದ ನಿಜಾಮಾಬಾದ್ ಸೀಮೆಯ ಕೋನಸಮುದ್ರಂ ಎಂಬ ಹಳ್ಳಿಗೆ ಹೆನ್ರಿ ವಾಯ್ಸಿ ಎಂಬ ಇಂಗ್ಲಿಷ್ ವೈದ್ಯ ಬಂದ. ಭೂಮಾಪನ ತಂಡದ ಜೊತೆ ತಿರುಗುತ್ತ ಕಲ್ಲು ಮಣ್ಣುಗಳ ಲೆಕ್ಕ ಇಡುತ್ತಿದ್ದವನು. ಹಳ್ಳಿಯಲ್ಲಿ ಕುಲುಮೆ, ತಿದಿ, ಹೊಗೆ ಎಲ್ಲ ನಿರೀಕ್ಷಿಸಿದ್ದೇ ಇತ್ತು. ನಿರೀಕ್ಷಿಸದೆ ಇದ್ದದ್ದು ಅಲ್ಲಿ ಬೀಡುಬಿಟ್ಟಿದ್ದ ಒಬ್ಬ ಹಾಜಿ. ಇರಾನಿನ ಇಸ್ಫಹಾನ್ ಪಟ್ಟಣದ ವ್ಯಾಪಾರಿ. ಹಿಂದೊಮ್ಮೆ ಬಂದು ಒಯ್ದ ಸರಕೆಲ್ಲ ಮಾರಾಟವಾಗಿ, ಇನ್ನೊಂದು ಹೊರೆ ಉಕ್ಕಿಗಾಗಿ ಕಾದು ಕೂತಿದ್ದ. ಈ ಉಕ್ಕನ್ನು ತಮ್ಮ ದೇಶದಲ್ಲೇ ಮಾಡಲು ನೋಡಿ ಪರ್ಷಿಯನ್ನರು ಸೋತಿದ್ದರು ಎಂಬ ಮಾತೂ ವಾಯ್ಸಿಯ ಕಿವಿಗೆ ಬಿತ್ತು. 1832ರಲ್ಲಿ, ಅವನು ತೀರಿಹೋದ ಮೇಲೆ, ಈ ಟಿಪ್ಪಣಿ ಅಚ್ಚಾಯಿತು.

ಜಗತ್ತಿನ ಅತಿ ಹೆಸರುವಾಸಿ ಕತ್ತಿ ಕಮ್ಮಾರರಿದ್ದ ಊರು ಇಸ್ಫಹಾನ್. ಅಲ್ಲಿಂದ ಹೊರಟು, ಹಡಗು ಹತ್ತಿ, ದಖ್ಖನಿನ ಒಳನಾಡಿನ ಮಣ್ಣುದಾರಿ ಹಿಡಿದು ಒಬ್ಬ ವ್ಯಾಪಾರಿ ಸಣ್ಣ ಹಳ್ಳಿಯಲ್ಲಿ ದಿನ ಎಣಿಸುತ್ತ ಕೂರುವುದೆಂದರೆ, ‘ದಮಾಸ್ಕಸ್ ಖಡ್ಗ’ ಎಂದು ನಾವು ಕೇಳುತ್ತ ಬಂದಿರುವ ಕಥೆಯಲ್ಲಿ ಅರ್ಧ ಭಾಗ ಬಿಟ್ಟುಹೋಗಿದೆ ಎಂದೇ ಅರ್ಥ.

ಮೊದಲು ಆ ಖಡ್ಗದ ವಿಷಯ. ಕೈಗೆತ್ತಿಕೊಂಡು ಬೆಳಕಿಗೆ ಓರೆಯಾಗಿ ಹಿಡಿದರೆ ಬೂದುಗಪ್ಪು ಅಲಗಿನ ತುಂಬ ಬಿಳಿ ಗೆರೆಗಳು ಸುಳಿಸುಳಿಯಾಗಿ ಹರಿದಿರುತ್ತವೆ. ಇದು ಮೇಲೆ ಕೆತ್ತಿದ ಚಿತ್ತಾರವಲ್ಲ. ಅಲಗನ್ನು ಉಜ್ಜಿ ಸವೆಸಿದರೂ, ಹುಳಿ ದ್ರಾವಣ ಹಚ್ಚಿದ ಕೂಡಲೇ ಒಳಗಿನಿಂದ ಮತ್ತೆ ಎದ್ದು ಬರುತ್ತದೆ. ಪರ್ಷಿಯನ್ನರು ಈ ಸುಳಿಯನ್ನು ಜೌಹರ್ ಎಂದು ಕರೆದು, ಅದರ ಬಗೆಗಳಿಗೆ ಒಂದೊಂದು ಹೆಸರಿಟ್ಟು, ಅದನ್ನು ನೋಡಿಯೇ ಬೆಲೆ ಕಟ್ಟುತ್ತಿದ್ದರು. 9ನೇ ಶತಮಾನದಲ್ಲೇ ಅರಬ್ ತತ್ವಜ್ಞಾನಿ ಅಲ್-ಕಿಂದಿ ಖಲೀಫನಿಗಾಗಿ ಕತ್ತಿಗಳ ಮೇಲೊಂದು ಗ್ರಂಥ ಬರೆದು, ಯಾವ ನಾಡಿನ ಉಕ್ಕು ಯಾವ ಗುಣದ್ದು ಎಂದು ವಿಂಗಡಿಸಿದ. ಯೆಮನ್ ಉಕ್ಕಿನ ಜೊತೆ ಹಿಂದ್ ಮತ್ತು ಸರಂದೀಬ್, ಅಂದರೆ ಇಂಡಿಯಾ ಮತ್ತು ಸಿಂಹಳದ ಉಕ್ಕುಗಳೂ ಅದರಲ್ಲಿವೆ.

ದಮಾಸ್ಕಸ್‌ನ ಹೆಸರು ಹೇಗೆ ಅಂಟಿಕೊಂಡಿತು ಎಂಬುದಕ್ಕೆ ಹತ್ತಾರು ವಾದಗಳಿವೆ, ಅವುಗಳ ಗೊಡವೆ ಇಲ್ಲಿ ಬೇಡ. ಯುರೋಪಿನವರು ಈ ಕತ್ತಿಗಳನ್ನು ಆ ಪೇಟೆಯೊಂದಿಗೆ ತಳುಕು ಹಾಕಿದರು ಎಂದರೆ ಸಾಕು. 1401ರಲ್ಲಿ ತೈಮೂರ್ ಆ ನಗರವನ್ನು ಸೂರೆಮಾಡಿ ಅಲ್ಲಿನ ಕುಶಲಕರ್ಮಿಗಳನ್ನು ಸಮರಕಂದಕ್ಕೆ ಹೊಡೆದುಕೊಂಡು ಹೋದ. ಇಂದು ವಸ್ತುಸಂಗ್ರಹಾಲಯಗಳಲ್ಲಿ ಕಾಣುವ ಅತ್ಯುತ್ತಮ ಅಲಗುಗಳಲ್ಲಿ ಹೆಚ್ಚಿನವು ಅದಕ್ಕಿಂತ ಎಷ್ಟೋ ಈಚಿನವು, ಇರಾನ್ ಮತ್ತು ಹಿಂದೂಸ್ತಾನದಲ್ಲಿ ಬಡಿದವು. ಇಸ್ಫಹಾನಿನ ಅಸದುಲ್ಲಾನ ಮುದ್ರೆಗೆ ಎಂಥ ಬೆಲೆ ಇತ್ತೆಂದರೆ, ಅವನು ಸತ್ತ ಮೇಲೂ ಆ ಹೆಸರಿನ ಕತ್ತಿಗಳು ಹುಟ್ಟುತ್ತಲೇ ಇದ್ದವು. ಇನ್ನು ಸಲಾದಿನ್ ತನ್ನ ಖಡ್ಗದಿಂದ ರೇಷ್ಮೆಯ ದಿಂಬನ್ನು ಸದ್ದಿಲ್ಲದೆ ಸೀಳಿದ ಪ್ರಸಂಗ? ಅದು ವಾಲ್ಟರ್ ಸ್ಕಾಟ್ 1825ರಲ್ಲಿ ಬರೆದ ಕಾದಂಬರಿಯದು. ಇತಿಹಾಸದ ಪುಸ್ತಕಗಳಲ್ಲಿ ಅದನ್ನು ಸತ್ಯಸಂಗತಿ ಎಂಬಂತೆ ಕಂಡರೆ ನಕ್ಕು ಪುಟ ತಿರುವಬಹುದು.

ಈ ಅಲಗುಗಳಿಗೆ ಬೇಕಾದ ಉಕ್ಕು ಮೂಸೆಯಲ್ಲಿ ಹುಟ್ಟುತ್ತಿತ್ತು. ಮಧ್ಯ ಏಷ್ಯಾದ ಮರ್ವ್‌ನಲ್ಲಿ, ಶ್ರೀಲಂಕಾದಲ್ಲಿ ಕೂಡ ಮೂಸೆ ಉಕ್ಕಿನ ಕುರುಹುಗಳಿವೆ. ಆದ್ದರಿಂದ ಎಲ್ಲವೂ ನಮ್ಮಲ್ಲೇ ಎಂದು ಎದೆ ತಟ್ಟಿಕೊಳ್ಳುವುದು ಬೇಡ. ಆದರೂ ದಕ್ಷಿಣ ಭಾರತದಷ್ಟು ವಿಸ್ತಾರವಾಗಿ, ಅಷ್ಟು ಶತಮಾನ ಈ ಕೆಲಸ ನಡೆದ ಇನ್ನೊಂದು ಸೀಮೆಯನ್ನು ಹೆಸರಿಸುವುದು ಕಷ್ಟ. ತಮಿಳುನಾಡಿನ ಕೊಡುಮನಾಲ್, ತೆಲಂಗಾಣದ ಕೋನಸಮುದ್ರಂ, ನಮ್ಮ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿ ಇವೆಲ್ಲ ಆ ಹಾದಿಯ ಊರುಗಳು. ಘಟ್ಟಿಹೊಸಹಳ್ಳಿಯಲ್ಲಿ ಸಿಕ್ಕಿದ ಮೂಸೆಯ ಚೂರುಗಳನ್ನು ಲೋಹವಿಜ್ಞಾನಿಗಳು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ಒಳಗೆ ಅಂಟಿಕೊಂಡಿದ್ದ ಉಕ್ಕಿನ ಹನಿಗಳಿಂದಲೇ ಅಲ್ಲಿ ನಡೆದ ಕೆಲಸವನ್ನು ಗುರುತಿಸಿದ್ದಾರೆ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಈ ಉಕ್ಕಿನ ಚರಿತ್ರೆಯನ್ನು 2004ರಲ್ಲಿ ಒಂದು ಪುಸ್ತಕವಾಗಿ ತಂದರು.

ಮೈಸೂರು ಸೀಮೆಯಲ್ಲಿ ಈ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನ್ ಬಿದ್ದ ಮಾರನೆಯ ವರ್ಷ, 1800ರಲ್ಲಿ, ಗೆದ್ದ ನಾಡಿನಲ್ಲಿ ಏನೇನಿದೆ ಎಂದು ನೋಡಿ ಬರಲು ಕಂಪನಿ ಸರ್ಕಾರ ಕಳಿಸಿದ ವೈದ್ಯ ಅವನು. ಈಗಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗ, ಮಧುಗಿರಿಗಳ ಸುತ್ತ ಮಳೆಗಾಲದಲ್ಲಿ ಹಳ್ಳಗಳು ಹೊತ್ತು ತರುತ್ತಿದ್ದ ಕರಿಮರಳನ್ನು ಜನ ಕೂಡಿಟ್ಟು, ತೊಳೆದು, ಇದ್ದಿಲಿನೊಂದಿಗೆ ಕಾಸಿ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣ ಮೃದು. ಅದನ್ನು ಉಕ್ಕಾಗಿಸುವ ಕೆಲಸ ಬೇರೆ ಕುಲುಮೆಯದು. ಸುಡದ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಒಂದು ತುಂಡು, ಜೊತೆಗೆ ಮೂರು ರೂಪಾಯಿ ತೂಕದ ತಂಗಡಿ ಗಿಡದ ಕಡ್ಡಿ, ಮೇಲೆ ಯಾವುದೋ ಬಳ್ಳಿಯ ಎರಡು ಹಸಿರೆಲೆ. ಬಾಯಿಗೆ ಮಣ್ಣಿನ ಮುಚ್ಚಳ. ಇಂಥ ಮೂಸೆಗಳನ್ನು ಕುಲುಮೆಯಲ್ಲಿ ಸಾಲಾಗಿ ಜೋಡಿಸಿ, ಇದ್ದಿಲು ಮುಚ್ಚಿ, ತಿದಿ ಒತ್ತುವುದು. ಆ ಉಕ್ಕು ಹೋಗುತ್ತಿದ್ದದ್ದು ಕತ್ತಿಗೆ ಮಾತ್ರವಲ್ಲ. ಕಲ್ಲುಕುಟಿಗರ ಉಳಿಗೂ, ವಾದ್ಯಗಳ ತಂತಿಗೂ ಹೋಗುತ್ತಿತ್ತು. ಚನ್ನಪಟ್ಟಣದ ತಂತಿಗೆ ದೂರದ ಊರುಗಳಲ್ಲೂ ಗಿರಾಕಿಗಳಿದ್ದರು. ಬೊಂಬೆಗಳ ಗದ್ದಲದಲ್ಲಿ ಆ ಊರು ಇದನ್ನು ಮರೆತೇ ಬಿಟ್ಟಿದೆ.

ಎರಡು ಎಲೆ, ಒಂದಿಷ್ಟು ಕಡ್ಡಿ ಎಂದರೆ ಮಾಟಮಂತ್ರದಂತೆ ಕೇಳಿಸುತ್ತದೆ. ಅದರ ಹಿಂದಿನ ಲೆಕ್ಕ ಮಾತ್ರ ಬಲು ಗಟ್ಟಿ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಇದ್ದಿಲು ಮತ್ತು ಚರ್ಮದ ತಿದಿಯಿಂದ ಆ ಕಾವು ಹುಟ್ಟುವುದಿಲ್ಲ. ಆದರೆ ಮುಚ್ಚಿದ ಮೂಸೆಯಲ್ಲಿ ಗಿಡದ ಕಡ್ಡಿ ಕರಿಯಾಗಿ, ಅದರ ಇಂಗಾಲವನ್ನು ಕಬ್ಬಿಣ ಹೀರುತ್ತ ಹೋದ ಹಾಗೆ ಕರಗುವ ಮಟ್ಟ ಕೆಳಗಿಳಿಯುತ್ತದೆ. 1400ರ ಆಸುಪಾಸಿನಲ್ಲಿ ಅದು ನೀರಾಗುತ್ತದೆ, ಕಿಟ್ಟ ಮೇಲೆ ತೇಲುತ್ತದೆ. ಅಷ್ಟು ಹೊತ್ತು ಆ ಬೆಂಕಿಯಲ್ಲಿ ಮೂಸೆಯೇ ಕರಗದೆ ನಿಲ್ಲಬೇಕಲ್ಲ? ಅದಕ್ಕೆ ಮಣ್ಣಿನಲ್ಲಿ ಭತ್ತದ ಹೊಟ್ಟು ಕಲಸುತ್ತಿದ್ದರು. ಹೊಟ್ಟು ಸುಟ್ಟು ಉಳಿಯುವ ಸಿಲಿಕಾ ಮತ್ತು ಕರಿ ಎರಡೂ ಕಾವಿಗೆ ಜಗ್ಗುವುದಿಲ್ಲ. ನನಗೆ ಈ ಇಡೀ ವಿದ್ಯೆಯಲ್ಲಿ ಅತಿ ಸೋಜಿಗದ ಭಾಗ ಎಂದರೆ ಈ ಮೂಸೆ. ಖಡ್ಗದ ಮೇಲೆ ಕಮ್ಮಾರನ ಹೆಸರು ಚಿನ್ನದಲ್ಲಿ ಕೂತಿದೆ, ಮೂಸೆ ಕಲಸಿದವರ ಹೆಸರು ಎಲ್ಲಿಯೂ ಇಲ್ಲ.

ನಿಧಾನವಾಗಿ ತಣ್ಣಗಾದ ಮೂಸೆಯನ್ನು ಒಡೆದರೆ ಒಳಗೆ ಸುಮಾರು ಒಂದು ಕಿಲೋ ತೂಕದ ಉಕ್ಕಿನ ಗಟ್ಟಿ. 1794ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಇಂಥವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. ಪುಟ್ಟ ದಪ್ಪ ರೊಟ್ಟಿಗಳಂತಿದ್ದ ಆ ಗಟ್ಟಿಗಳು ಐದಂಗುಲ ಅಗಲ, ಒಂದಂಗುಲ ದಪ್ಪ. ಅಲ್ಲಿನವರು ಅದನ್ನು ‘ವೂಟ್ಸ್’ ಎಂದರು. ನಮ್ಮ ‘ಉಕ್ಕು’ ಅವರ ಬಾಯಲ್ಲಿ ಹಾಗಾಗಿರಬೇಕು ಎಂಬುದು ಬಹುಪಾಲು ವಿದ್ವಾಂಸರ ಊಹೆ.

ಈ ಗಟ್ಟಿಯನ್ನು ಅಲಗಾಗಿಸುವುದು ಇನ್ನೊಂದು ವಿದ್ಯೆ. ಕಟ್ಟಡದ ಸರಳಿನಲ್ಲಿ ಇಂಗಾಲ ನೂರಕ್ಕೆ ಕಾಲು ಪಾಲು ಇದ್ದರೆ, ಇದರಲ್ಲಿ ಒಂದೂವರೆ ಪಾಲಿನಷ್ಟು. ಹಾಗಾಗಿ ಬೇಗ ಒಡೆಯುವ ಸ್ವಭಾವ. ಯುರೋಪಿನ ಕಮ್ಮಾರರು ತಮಗೆ ರೂಢಿಯಿದ್ದಂತೆ ಬೆಳ್ಳಗೆ ಕಾಯಿಸಿ ಅಡಿಗಲ್ಲಿನ ಮೇಲಿಟ್ಟು ಹೊಡೆದರು, ಅದು ಪುಡಿಪುಡಿಯಾಯಿತು. ಕೆಂಪು ಬಣ್ಣ ಮೀರದ ಕಾವಿನಲ್ಲಿ, ಅಂದರೆ 850 ಡಿಗ್ರಿಯ ಒಳಗೆ, ಸುತ್ತಿಗೆಯನ್ನು ಹದವಾಗಿ ಬೀಳಿಸುತ್ತ, ಮತ್ತೆ ಕಾಯಿಸುತ್ತ, ಮತ್ತೆ ಬಡಿಯುತ್ತ ಹತ್ತಾರು ಸಲ ಹೋದರೆ ಮಾತ್ರ ಅದು ಅಲಗಿನ ಉದ್ದಕ್ಕೆ ಎಳೆಯುತ್ತದೆ. ಸುಳಿಗಳು ಮೂಡುವುದೂ ಇದೇ ಸುತ್ತುಗಳಲ್ಲೇ. ಕಬ್ಬಿಣ ಮತ್ತು ಇಂಗಾಲ ಸೇರಿದ ಸಿಮೆಂಟೈಟ್ ಎಂಬ ಬಲು ಗಡಸು ಕಣಗಳು ಸಾಲುಗಟ್ಟಿ ನಿಲ್ಲುತ್ತವೆ. ಹುಳಿ ತಾಕಿದಾಗ ಅವು ಬೆಳ್ಳಗೆ ಉಳಿದು, ಸುತ್ತಲಿನ ಉಕ್ಕು ಕಪ್ಪಾಗುತ್ತದೆ. ಅಲಗಿನ ಮೇಲೆ ಅಡ್ಡಡ್ಡ ಗೀರು ಕೊರೆದು ಮತ್ತೆ ಚಪ್ಪಟೆ ಬಡಿದರೆ ಏಣಿಯ ಮೆಟ್ಟಿಲುಗಳಂಥ ಪಟ್ಟೆಗಳು ಬರುತ್ತವೆ. ಪರ್ಷಿಯನ್ನರು ಅದನ್ನು ನಲವತ್ತು ಮೆಟ್ಟಿಲು ಎಂದರು.

ಅಲಗಿಗೆ ಹದ ಕೊಡುವ ಬಗೆಗೆ ಹುಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. ಕಾದ ಕತ್ತಿಯನ್ನು ಗುಲಾಮನ ಮೈಗೆ ಚುಚ್ಚಿ ತಣಿಸುತ್ತಿದ್ದರಂತೆ, ಕೆಂಗೂದಲಿನ ಹುಡುಗನ ಮೂತ್ರವೇ ಆಗಬೇಕಂತೆ. ಕೈಗೆ ಸಿಗದ ವಿದ್ಯೆಯ ಸುತ್ತ ಜನ ಇಂಥವನ್ನು ಕಟ್ಟುತ್ತಾರೆ. ಗುಟ್ಟೆಲ್ಲ ಕೊನೆಯ ಗಳಿಗೆಯಲ್ಲಿ, ಕತ್ತಿ ಮಾಡುವವನ ಕೈಯಲ್ಲಿ ಇದೆ ಎಂಬ ನಂಬಿಕೆ ಈ ಎಲ್ಲ ಕಥೆಗಳ ತಳದಲ್ಲಿದೆ. ಆ ನಂಬಿಕೆಯೇ ಹುಡುಕುವವರನ್ನು ನೂರಾರು ವರ್ಷ ದಾರಿ ತಪ್ಪಿಸಿತು.

ಹುಡುಕಿದವರಾದರೂ ಸಾಮಾನ್ಯರಲ್ಲ. ಕಮ್ಮಾರನ ಮಗನಾಗಿ ಹುಟ್ಟಿದ ಮೈಕೆಲ್ ಫ್ಯಾರಡೆ, ವಿದ್ಯುತ್ತಿನ ಕಡೆ ಪೂರ್ತಿ ಹೊರಳುವ ಮೊದಲು, ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕನ ಜೊತೆ ಸೇರಿ ಭಾರತದ ಈ ಉಕ್ಕನ್ನು ಪರೀಕ್ಷಿಸಿದ. ಗುಣವೆಲ್ಲ ಅಲ್ಯೂಮಿನಿಯಂನಿಂದ ಬಂದದ್ದಿರಬೇಕು ಎಂದು ಬಗೆದ. ಅದು ತಪ್ಪು ಊಹೆ. ಆದರೆ ಅದೇ ನೆವದಲ್ಲಿ ಅವನು ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಬೆರೆಸಿ ನೋಡಿದ ಪ್ರಯೋಗಗಳಿಂದ ಮಿಶ್ರಲೋಹದ ಉಕ್ಕಿನ ಅಧ್ಯಯನವೇ ಶುರುವಾಯಿತು. ಪ್ಯಾರಿಸ್ಸಿನ ಟಂಕಸಾಲೆಯ ಬ್ರೇಆಂ ಇಂಗಾಲವೇ ಕಾರಣ ಎಂದು ಸರಿಯಾಗಿ ಹಿಡಿದ. ರಷ್ಯಾದ ಜ್ಲಾತೋಉಸ್ತ್ ಕಾರ್ಖಾನೆಯಲ್ಲಿ ಪಾವೆಲ್ ಅನೋಸೊವ್ ವರ್ಷಗಟ್ಟಲೆ ದುಡಿದು ಸುಳಿಯುಳ್ಳ ಅಲಗುಗಳನ್ನು ಮಾಡಿಯೇ ತೀರಿದ, 1841ರಲ್ಲಿ ವಿಧಾನವನ್ನು ಅಚ್ಚು ಹಾಕಿಸಿದ. ಆದರೂ ಆ ವಿದ್ಯೆ ಅವನ ನಂತರ ಮುಂದುವರಿಯಲಿಲ್ಲ.

ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹವಿಜ್ಞಾನಿ ಜಾನ್ ವರ್‌ಹೋವೆನ್ ಮತ್ತು ಫ್ಲೋರಿಡಾದ ಕಮ್ಮಾರ ಆಲ್ಫ್ರೆಡ್ ಪೆಂಡ್ರೇ ಹಿಡಿದ ದಾರಿ ಬೇರೆ. ಸ್ವಿಟ್ಜರ್‌ಲೆಂಡಿನ ಬರ್ನ್ ವಸ್ತುಸಂಗ್ರಹಾಲಯದ ಹಳೆಯ ಅಲಗುಗಳ ತುಂಡುಗಳನ್ನು ತರಿಸಿ ನೋಡಿದಾಗ ಅವರ ಕಣ್ಣಿಗೆ ಬಿದ್ದದ್ದು ವನೇಡಿಯಂ ಎಂಬ ಧಾತು, ಅದೂ ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿ. ಅಷ್ಟು ಸೋಂಕು ಇದ್ದರೆ ಸಿಮೆಂಟೈಟ್ ಕಣಗಳು ಸಾಲುಗಟ್ಟುತ್ತವೆ, ಇಲ್ಲದಿದ್ದರೆ ಚದುರುತ್ತವೆ. 1998ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಹೇಳಿದ್ದು ಇಷ್ಟು: ಕೆಲವು ಗಣಿಗಳ ಅದಿರಿನಲ್ಲಿ ಮಾತ್ರ ಈ ಸೋಂಕು ತಾನಾಗಿಯೇ ಇತ್ತು, ಅದಿರು ಬದಲಾದಾಗ ಕಮ್ಮಾರರು ಅದೇ ಕೆಲಸ ಮಾಡಿದರೂ ಸುಳಿ ಮೂಡಲಿಲ್ಲ. ಪೆಂಡ್ರೇ ತನ್ನ ಮೂಸೆಗೆ ವನೇಡಿಯಂ ಇರುವ ಕಬ್ಬಿಣ, ಇದ್ದಿಲು, ಗಾಜಿನ ಚೂರು, ಕೊನೆಗೆ ಒಂದಿಷ್ಟು ಹಸಿರೆಲೆ ಹಾಕಿ ಹಳೆಯವಕ್ಕೆ ಸಾಟಿಯಾದ ಅಲಗುಗಳನ್ನು ಬಡಿದ. ಎಂಟು ವರ್ಷದ ತರುವಾಯ ಡ್ರೆಸ್ಡೆನ್‌ನ ಸಂಶೋಧಕರು 17ನೇ ಶತಮಾನದ ಒಂದು ಖಡ್ಗದಲ್ಲಿ ಇಂಗಾಲದ ನ್ಯಾನೊ ನಳಿಕೆಗಳನ್ನು ಕಂಡೆವೆಂದಾಗ ಪತ್ರಿಕೆಗಳು ಕುಣಿದವು. ‘ಪ್ರಾಚೀನರ ನ್ಯಾನೊ ತಂತ್ರಜ್ಞಾನ’ ಎಂಬ ಮಾತು ಇವತ್ತಿಗೂ ವಾಟ್ಸಾಪಿನಲ್ಲಿ ಓಡಾಡುತ್ತದೆ. ಕಮ್ಮಾರನಿಗೆ ತಿಳಿದಿದ್ದದ್ದು ಬೆಂಕಿಯ ಬಣ್ಣ. ಅದು ಸಣ್ಣ ವಿದ್ಯೆಯಲ್ಲ, ಅದಕ್ಕೆ ನ್ಯಾನೊ ಎಂಬ ಪದವಿ ಬೇಕಿಲ್ಲ.

ಕೋನಸಮುದ್ರಂನಲ್ಲಿ ಎರಡು ಬೇರೆ ಬೇರೆ ಊರುಗಳ ಕಬ್ಬಿಣವನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸುತ್ತಿದ್ದರು ಎಂಬ ವಾಯ್ಸಿಯ ಟಿಪ್ಪಣಿಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಯಾವ ಊರಿನ ಕಬ್ಬಿಣ ಆಗುತ್ತದೆ, ಯಾವುದು ಆಗದು ಎಂಬುದು ಮೂಸೆಯವರಿಗೆ ಗೊತ್ತಿತ್ತು. ಯಾವ ಗಟ್ಟಿ ಸುಳಿ ಬಿಡುತ್ತದೆ ಎಂಬುದು ಇಸ್ಫಹಾನಿನವರಿಗೆ ಗೊತ್ತಿತ್ತು. ನಡುವೆ ಸಮುದ್ರವಿತ್ತು, ಅದನ್ನು ದಾಟಿ ಎರಡೂ ಕಡೆಯ ಮಾತನ್ನು ಅರಿತವನು ಹಾಜಿಯಂಥ ವ್ಯಾಪಾರಿ ಒಬ್ಬನೇ. ವಿದ್ಯೆ ಒಬ್ಬನ ತಲೆಯಲ್ಲಿ ಇರಲೇ ಇಲ್ಲ. ಹಾಗಾಗಿ ಅದು ಯಾರೋ ಬಚ್ಚಿಟ್ಟು ಸತ್ತ ಗುಟ್ಟೂ ಅಲ್ಲ. ಒಳ್ಳೆಯ ಸುಳಿಯ ಅಲಗುಗಳು 18ನೇ ಶತಮಾನದ ನಡುವಿನಿಂದಲೇ ವಿರಳವಾಗುತ್ತ ಬಂದವು. ಆಮೇಲೆ ಇಂಗ್ಲೆಂಡಿನ ಅಗ್ಗದ ಉಕ್ಕು ಬಂತು, ಕತ್ತಿಯ ಜಾಗಕ್ಕೆ ಬಂದೂಕು ಬಂತು, ಕತ್ತಿ ಕೊಳ್ಳುತ್ತಿದ್ದ ದರ್ಬಾರುಗಳು ಮುಚ್ಚಿದವು, 1878ರ ಆಯುಧ ಕಾಯ್ದೆ ಬಂತು. ಇದ್ದಿಲಿಗೆ ಕಾಡು ಸಿಗದಾಯಿತು. ತಂಗಡಿ ಮಾತ್ರ ಬಯಲುಸೀಮೆಯ ರಸ್ತೆಬದಿಯಲ್ಲಿ ಈಗಲೂ ಹಳದಿ ಹೂ ಬಿಡುತ್ತದೆ.

ಈಗ ಪೇಟೆಯಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ‘ದಮಾಸ್ಕಸ್ ಚಾಕು’ ಎಂದು ಮಾರುವುದು ಇದಲ್ಲ. ಎರಡು ಬಗೆಯ ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಕಾಯಿಸಿ ಬೆಸೆದು, ಮಡಚಿ, ತಿರುಚಿ ಮಾಡಿದ ಪದರದ ಉಕ್ಕು ಅದು. 1973ರಲ್ಲಿ ಅಮೆರಿಕದ ಚಾಕು ತಯಾರಕ ವಿಲಿಯಂ ಮೊರಾನ್ ಅಂಥವನ್ನು ದಮಾಸ್ಕಸ್ ಎಂದು ಕರೆದು ಪ್ರದರ್ಶನಕ್ಕಿಟ್ಟ ಮೇಲೆ ಹೆಸರು ನಿಂತುಹೋಯಿತು. ಅದೂ ಒಂದು ಹಳೆಯ, ಗೌರವದ ಕಸುಬೇ. ಕೆಲವು ಅಗ್ಗದ ಚಾಕುಗಳಲ್ಲಂತೂ ಗೆರೆಗಳನ್ನು ಮೇಲೆ ಅಚ್ಚು ಹಾಕಿರುತ್ತಾರೆ, ನಾಲ್ಕು ಸಲ ಸಾಣೆ ಹಿಡಿದರೆ ಗೆರೆ ಮಾಯ. ಇನ್ನು ಹಳೆಯ ದಮಾಸ್ಕಸ್ ಕತ್ತಿಯೇ ಜಗತ್ತಿನ ಅತಿ ಗಟ್ಟಿ ಕತ್ತಿ ಎಂಬ ಮಾತನ್ನೂ ಕೈಬಿಡಬೇಕು. ಇಂದಿನ ಕಾರ್ಖಾನೆಯ ಒಳ್ಳೆಯ ಉಕ್ಕು ಅದಕ್ಕಿಂತ ಹೆಚ್ಚು ಏಟು ತಡೆಯುತ್ತದೆ.

ಅಸಲಿಯನ್ನು ನೋಡಬೇಕೆನ್ನುವವರು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಅಥವಾ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆಯುಧ ವಿಭಾಗಕ್ಕೆ ಹೋಗಬಹುದು. ಹಿಡಿಯ ಚಿನ್ನ, ಒರೆಯ ಹರಳು ನೋಡಿ ಮುಂದೆ ಸಾಗಬೇಡಿ. ಗಾಜಿನ ಪೆಟ್ಟಿಗೆಯ ಪಕ್ಕಕ್ಕೆ ಸರಿದು, ಬೆಳಕು ಅಲಗಿನ ಮೇಲೆ ಓರೆಯಾಗಿ ಬೀಳುವ ಕಡೆ ಬಗ್ಗಿ ನೋಡಿ. ಹಿಂದೆ ಯಾರೋ ಕಾವಲುಗಾರ ಅತಿ ಶ್ರದ್ಧೆಯಿಂದ ಉಜ್ಜಿ ಹೊಳಪು ಬರಿಸಿದ್ದರೆ ಸುಳಿ ಕಾಣುವುದಿಲ್ಲ. ಎಷ್ಟೋ ಒಳ್ಳೆಯ ಅಲಗುಗಳಿಗೆ ಆಗಿರುವುದು ಇದೇ.